ಗುರುವಾರದ ನೀರು

ಫಖರುನ್ನಿಸಾಗೆ ಗಿಡಮರ ಅಂದರೆ ಅಷ್ಟಕ್ಕಷ್ಟೇ. ಕೊತ್ತಂಬರಿ, ಪುದೀನ, ಕರಿಬೇವು ಇದ್ದರೆ ಸಾಕು, ಉಳಿದದ್ದೆಲ್ಲ ಎಲೆ ಉದುರಿಸಿ ಗುಡಿಸುವವರ ಸೊಂಟ ಮುರಿಯುವುದಕ್ಕೆ ಹುಟ್ಟಿದ್ದು ಎಂದು ನಂಬಿದ್ದ ಹೆಂಗಸು. ಅಂಥವಳು ಅರವತ್ತೇಳನೆಯ ವಯಸ್ಸಿನಲ್ಲಿ, ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು, ಗ್ರೋಸರಿ ತರುವ ಚಕ್ರದ ಗಾಡಿಯಲ್ಲಿ ಎರಡು ದೊಡ್ಡ ಕ್ಯಾನು ನೀರು ಇಟ್ಟುಕೊಂಡು, ಹೇವರ್ಡ್ ಗುಡ್ಡದ ಮೇಲಿನ ತೋಟದ ಏರುಹಾದಿ ಹತ್ತುತ್ತಾಳೆ ಎಂದು ಯಾರಾದರೂ ಹೇಳಿದ್ದರೆ, ಮೊದಲು ನಗುತ್ತಿದ್ದವನು ಅವಳ ಗಂಡ ಖಾದರನೇ. ನಗಲು ಅವನಿರಲಿಲ್ಲ. ಅವನು ತೀರಿಕೊಂಡು ಒಂದು ವರ್ಷದ ಮೇಲೆ ಎರಡು ತಿಂಗಳಾಗಿತ್ತು.

ಅವಳು ಹೊರಟಿದ್ದು ಒಂದು ಹೂ ನೋಡುವುದಕ್ಕೆ. ಖಾದರ್ ಬೀಜ ಹಾಕಿ ಬೆಳೆಸಿದ ಗಿಡದ ಮೊದಲ ಹೂ. ಅದನ್ನು ಕಾಯುತ್ತ ಕಾಯುತ್ತ ಅವನು ಹೋಗಿಬಿಟ್ಟಿದ್ದ. ಅವನ ಪಾಲಿನದನ್ನು ತಾನಾದರೂ ನೋಡಬೇಕು ಎಂಬುದೊಂದೇ ಅವಳಿಗೆ ಉಳಿದಿದ್ದ ಆಸೆ. ಮಾರ್ಚ್ ಮುಗಿಯುತ್ತ ಬಂದಿತ್ತು, ರಮಜಾನ್ ಹಬ್ಬ ಕಳೆದು ವಾರವಾಗಿತ್ತು. ಕೆಳಗೆ ಪಾರ್ಕಿಂಗಿನಲ್ಲಿ ಮಗ ಮುಕರ್ರಮ್ ಕಾರಿನೊಳಗೇ ಲ್ಯಾಪ್‌ಟಾಪ್ ತೆರೆದು ಮೀಟಿಂಗಿಗೆ ಕೂತಿದ್ದ. "ಹೂ ಬಿಟ್ಟಿದ್ರ ಫೋನ್ ಮಾಡಮ್ಮಿ, ಮೀಟಿಂಗು ಬಿಟ್ಟು ಓಡಿ ಬರ್ತೀನಿ," ಎಂದು ಹೇಳಿ ಗಾಡಿಯನ್ನು ಇಳಿಸಿಕೊಟ್ಟಿದ್ದ.

ಖಾದರ್ ಇಂಡಿ ಕಡೆಯವನು. ಗಂಡಹೆಂಡಿರಿಬ್ಬರೂ ಲಿಂಗಾಯತರ ಓಣಿಯಲ್ಲೇ ಹುಟ್ಟಿ ಬೆಳೆದವರಾದ್ದರಿಂದ ಮನೆಯಲ್ಲಿ ದಖನಿ ಉರ್ದುವಿಗಿಂತ ಕನ್ನಡವೇ ಹೆಚ್ಚು, ಅದರಲ್ಲೂ ಜಗಳ ಪೂರ್ತಿ ಕನ್ನಡದಲ್ಲಿ. ವಿಜಯಪುರದಲ್ಲಿ ಐಟಿಐ ಮುಗಿಸಿದವನು ಅಣ್ಣನ ಬೆನ್ನು ಹತ್ತಿ ಇಪ್ಪತ್ತಾರು ವರ್ಷದ ಹಿಂದೆ ಸಮುದ್ರ ದಾಟಿ ಈ ದೇಶದ ಮಿಲ್ಪಿಟಾಸಿಗೆ ಬಂದ. ಸರ್ಕ್ಯೂಟ್ ಬೋರ್ಡುಗಳಿಗೆ ಬೆಸುಗೆ ಹಾಕುವ ಕಂಪನಿಯೊಂದರಲ್ಲಿ ಮೂರು ವರ್ಷ ಕಣ್ಣು ಸವೆಸಿದ. ಕಂಪನಿ ಬಾಗಿಲು ಹಾಕಿತು. ಆಮೇಲೆ ಹೇವರ್ಡಿನ ಗೋದಾಮಿನಲ್ಲಿ ಹದಿನಾಲ್ಕು ವರ್ಷ ಫೋರ್ಕ್‌ಲಿಫ್ಟ್ ಓಡಿಸಿದ. ನಿನ್ನನ್ನು ಸೂಪರ್‌ವೈಸರ್ ಮಾಡುತ್ತೇವೆ ಎಂದು ಎರಡು ಸಲ ಹೇಳಿ ಎರಡು ಸಲವೂ ಬೇರೆಯವರನ್ನು ಮಾಡಿದರು. ಬೆನ್ನಿನ ಡಿಸ್ಕು ಜಾರಿದ ಮೇಲೆ ಒಂದು ಕೇಕು ಕತ್ತರಿಸಿ ಮನೆಗೆ ಕಳಿಸಿದರು. ಅವನು ಇದನ್ನೆಲ್ಲ ಬೇರೆ ಯಾರದೋ ಸಂಗತಿ ಎಂಬಂತೆ ಹೇಳಿ, ಚಹಾಕ್ಕೆ ಸಕ್ಕರೆ ಕಡಿಮೆ ಆಗಿದೆ ಎನ್ನುತ್ತಿದ್ದ. ಅಷ್ಟು ತಣ್ಣಗಿನ ಮನುಷ್ಯ. ಅವನ ಪಾಲಿನ ಸಿಟ್ಟನ್ನೂ ಫಖರುನ್ನಿಸಾಳೇ ಮಾಡಬೇಕಾಗಿತ್ತು, ಪಾಪ.

ಗೋದಾಮಿನಲ್ಲಿದ್ದಾಗಲೇ ಅವನಿಗೆ ಈ ತೋಟದ ಹುಚ್ಚು ಹತ್ತಿದ್ದು. ಒಂದು ಮಧ್ಯಾಹ್ನ ರೊಟ್ಟಿ ಡಬ್ಬಿ ಹಿಡಿದು ನೆರಳು ಹುಡುಕುತ್ತ ಗುಡ್ಡ ಹತ್ತಿದ. ಎಲ್ಲರಿಗೂ ತೆರೆದಿರುವ ತೋಟ, ಟಿಕೆಟ್ಟಿಲ್ಲ. ಈ ರಾಜ್ಯದ ಒಂದೊಂದು ಸೀಮೆಯ ಗಿಡಗಳಿಗೆ ಒಂದೊಂದು ಪಾತಿ. ಜನ ಮುಗಿಬೀಳುವುದು ತೊರೆಯ ಬದಿಯ ತಂಪಿಗೆ, ಹೂ ರಾಶಿ ಬಿದ್ದ ಹುಲ್ಲುಗಾವಲಿಗೆ. ಕಟ್ಟಕಡೆಗೆ, ಬೆಟ್ಟಸಾಲಿನಾಚೆಯ ಎತ್ತರದ ಮರುಭೂಮಿಯ ಗಿಡಗಳಿಗೆ ಅಂತ ಮರಳು, ಗರಸು, ಕಲ್ಲು ಸುರಿದು ಮಾಡಿದ ಒಂದು ದಿಬ್ಬ. ಬೂದು ಬಣ್ಣದ ಕುರುಚಲು, ಮುಳ್ಳು, ಕಡ್ಡಿ. ದಾರಿ ತಪ್ಪಿದವರು ಮಾತ್ರ ಅಲ್ಲಿಗೆ ಬರುತ್ತಿದ್ದರು. ಖಾದರ್ ಅಲ್ಲಿಯೇ ಕೂತು ರೊಟ್ಟಿ ತಿಂದ.

"ಅಗದೀ ನಮ್ಮ ಇಂಡಿ ಹೊಲದ ಬದು ಇದ್ದಂಗ ಐತಿ," ಎಂದ ಮನೆಗೆ ಬಂದು. "ಒಂದು ಬೂದಿ ಬಣ್ಣದ ಗಿಡ ಐತಿ, ಎಲಿ ತಿಕ್ಕಿದ್ರ ದವನದ ವಾಸನಿ. ನಮ್ಮ ದವನಕ್ಕ ಸ್ವಾದರತ್ತಿ ಮಗಳು ಆಗಬೇಕು ಅದು."

"ಸ್ವಾದರತ್ತಿ ಮಗಳಾದ್ರ ಲಗ್ನ ಮಾಡ್ಕೋರಿ," ಎಂದಳು ಫಖರುನ್ನಿಸಾ ಹಿಟ್ಟು ನಾದುತ್ತ.

ಹೆಚ್ಚು ಕಡಿಮೆ ಹಾಗೇ ಆಯಿತು. ಕೆಲಸ ಬಿಟ್ಟ ಮೇಲೆ ಶನಿವಾರ ಬಂತೆಂದರೆ ಮನೆಯಲ್ಲಿ ಅವನ ಪತ್ತೆಯಿಲ್ಲ. ತೋಟದ ಸ್ವಯಂಸೇವಕರ ಗುಂಪಿಗೆ ಸೇರಿ ಕಳೆ ಕೀಳುವುದು, ಗರಸು ಹರಡುವುದು. ಆ ಗುಂಪಿನಲ್ಲಿ ಎವರ್‌ಗ್ರೀನ್ ಬಡಾವಣೆಯಿಂದ ಬರುವ ಇಂದು ಎಂಬ ಮೈಸೂರಿನ ಹೆಂಗಸು ಇದ್ದರು, ಡಾಕ್ಟರಿಕೆ ಮಾಡಿ ನಿವೃತ್ತರಾದವರು. ಆ ಒಣ ದಿಬ್ಬದ ಉಸ್ತುವಾರಿ ಅವರದು. ಏಳು ವರ್ಷದ ಹಿಂದೆ ತೋಟದವರು ಪರವಾನಗಿ ಪಡೆದು ಬೆಟ್ಟದಾಚೆಗೆ ಬೀಜ ಆಯಲು ಹೋದಾಗ ಖಾದರನನ್ನೂ ಕರೆದುಕೊಂಡು ಹೋದರು. ಅವನು ಆಯ್ದು ತಂದದ್ದು ಮರುಭೂಮಿ ಪೀಚ್ ಎಂಬ ಪೊದೆಯ ಹನ್ನೊಂದು ಓಟೆ. ಹನ್ನೊಂದರಲ್ಲಿ ಮೊಳೆತದ್ದು ಒಂದು. ಅದನ್ನು ದಿಬ್ಬದ ಮೇಲೆ ನೆಟ್ಟರು.

ಅಂದಿನಿಂದ ಶುರುವಾಯಿತು ನೋಡಿ. ರಾತ್ರಿ ಊಟಕ್ಕೆ ಕೂತರೆ ಪೀಚಿನ ಪುರಾಣ. ವಸಂತದಲ್ಲಿ ಎಲೆಗಿಂತ ಮೊದಲು ಹೂ ಬರುತ್ತದಂತೆ, ಗುಲಾಬಿ ಬಣ್ಣವಂತೆ, ಕಡ್ಡಿ ಕಾಣದಷ್ಟು ಮುತ್ತುತ್ತದಂತೆ. ಮಣ್ಣು ಹೀಗಂತೆ, ನೀರು ಹಾಗಂತೆ. ಫಖರುನ್ನಿಸಾ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುತ್ತಿದ್ದಳು. ಬಹಳ ಸಲ ಅಷ್ಟನ್ನೂ ಮಾಡದೆ ಪಾತ್ರೆ ತಿಕ್ಕಲು ಎದ್ದು ಹೋಗುತ್ತಿದ್ದಳು. ಹೂ ಮಾತ್ರ ಒಂದು ವರ್ಷವೂ ಬರಲಿಲ್ಲ. ಮೊಣಕಾಲೆತ್ತರಕ್ಕೆ ಬಂದು ಗಿಡ ಸುಮ್ಮನೆ ನಿಂತಿತು. "ಈ ಸಲ ಇಲ್ಲಂದ್ರ ಮುಂದಿನ ಸಲ. ಬಿಡೂದಂತೂ ಬಿಡೂದ," ಎನ್ನುತ್ತಿದ್ದ ಖಾದರ್.

ಹೋದ ವರ್ಷ ಜನವರಿಯಲ್ಲಿ ಎದೆ ಹಿಡಿದುಕೊಂಡು ಕುಸಿದ. ಮುಕರ್ರಮ್ ಆಫೀಸು ಕೆಲಸಕ್ಕೆ ಟೆಕ್ಸಾಸಿಗೆ ಹೋಗಿದ್ದ. ವಿಮಾನ ಹಿಡಿದು ಬರುವಷ್ಟರಲ್ಲಿ ಆಸ್ಪತ್ರೆ ಮುಗಿದು ಶವಕ್ಕೆ ಸ್ನಾನ ಮಾಡಿಸುವ ಹೊತ್ತಾಗಿತ್ತು. ಅಪ್ಪನ ಕೈ ಹಿಡಿಯಲಿಲ್ಲ, ಒಂದು ಮಾತಾಡಲಿಲ್ಲ. ಮಣ್ಣು ಹಾಕಿದ್ದು ಮಾತ್ರ ಅವನ ಪಾಲಿಗೆ ಬಂತು. ಆ ಕೊರಗು ಅವನನ್ನು ಬಿಟ್ಟಿಲ್ಲ. ಅಂದಿನಿಂದ ತಾಯಿ ಏನು ಕೇಳಿದರೂ ಇಲ್ಲ ಅಂದವನಲ್ಲ.

ಫಖರುನ್ನಿಸಾ ಗಂಡ ಸತ್ತ ಹೆಂಗಸರ ಇದ್ದತ್ತಿಗೆ ಕೂತಳು. ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟುವಂತಿಲ್ಲ. ಆ ವರ್ಷದ ವಸಂತ ಹಾಗೆ ಒಳಗೇ ಕಳೆಯಿತು. ಮಾತಾಡಿಸಲು ಬಂದಿದ್ದ ಇಂದು, "ಈ ಸಲವೂ ಹೂ ಬಿಡಲಿಲ್ಲಮ್ಮ. ಆದರೆ ಗಿಡ ಚೆನ್ನಾಗಿದೆ, ಮುಂದಿನ ವರ್ಷ ಖಂಡಿತ," ಎಂದರು. "ತೋಟದಲ್ಲಿ ಖಾದರ್ ಸಾಹೇಬರ ಹೆಸರು ಉಳಿಯೋ ಹಾಗೆ ಏನಾದ್ರೂ ಮಾಡ್ತೀವಿ," ಎಂದೂ ಹೇಳಿಹೋದರು. ಅವಳ ಮನಸ್ಸಿನಲ್ಲಿ ಆ ಮಾತು ಕೂತುಬಿಟ್ಟಿತು.

ಜೂನಿನಲ್ಲಿ ಹೊರಗೆ ಬಂದವಳು ಎಲ್ಲಿಗೆ ಹೋಗಬೇಕು? ಅವರ ಮನೆತನದಲ್ಲಿ ಹೆಂಗಸರು ಖಬರಸ್ತಾನಕ್ಕೆ ಕಾಲಿಡುವ ರೂಢಿ ಇಲ್ಲ. ಇಂಡಿಯಲ್ಲಿ ಇರಲಿಲ್ಲ, ಇಲ್ಲಿಯೂ ಇಲ್ಲ. ಗಂಡಸರು ಗುರುವಾರ ಸಂಜೆ ಹೋಗಿ ಗೋರಿಗೆ ನೀರು ಹಾಕಿ ಫಾತಿಹಾ ಓದಿ ಬರುತ್ತಾರೆ, ಹೆಂಗಸರು ಮನೆಯಲ್ಲಿ ಕೂತು ಅಳುತ್ತಾರೆ. ನಲವತ್ತು ವರ್ಷ ಒಂದೇ ತಟ್ಟೆಯಲ್ಲಿ ಉಂಡವನ ಮಣ್ಣು ಎಲ್ಲಿದೆ ಎಂದು ಅವಳು ಕಣ್ಣಿಂದ ಕಂಡಿಲ್ಲ. ಹಾಗಾಗಿ ಅವಳಿಗೆ ಗಿಡ ನೆನಪಾಯಿತು. ಅವನ ಕೈಯಲ್ಲಿ ಹುಟ್ಟಿದ್ದು ತಾನೇ? ಗೋರಿಗೆ ಹಾಕುವ ನೀರನ್ನು ಅದಕ್ಕೆ ಹಾಕಿದರಾಯಿತು.

ಮುಕರ್ರಮ್ ಹೂಂ ಅಂದ. ಗುರುವಾರ ಅವನಿಗೆ ಆಫೀಸಿಗೆ ಹೋಗುವ ಕೆಲಸವಿಲ್ಲ. ಬೆಳಿಗ್ಗೆ ಅವನೇ ಹಾಲಿನ ಗ್ಯಾಲನ್ ಕ್ಯಾನು ತೊಳೆದು ನೀರು ತುಂಬುತ್ತಿದ್ದ, ಅವಳು ಕುರಾನಿನ ಯಾಸೀನ್ ಅಧ್ಯಾಯ ಓದಿ ಅದಕ್ಕೆ ಊದುತ್ತಿದ್ದಳು. ತೋಟದಲ್ಲಿ ಗುರುವಾರ ಸ್ವಯಂಸೇವಕರು ಇರುತ್ತಿರಲಿಲ್ಲ. ಅವಳಿಗೂ ಅದೇ ಬೇಕಾಗಿತ್ತು. ಗಿಡದ ಮುಂದೆ ಕೈಯೆತ್ತಿ ನಿಂತದ್ದನ್ನು ಬಿಳಿಯರು ನೋಡಿದರೆ ಏನೆಂದುಕೊಳ್ಳುತ್ತಾರೋ, ನಮ್ಮವರು ನೋಡಿದರೆ ಇನ್ನೇನು ಅನ್ನುತ್ತಾರೋ. ಅತ್ತಿತ್ತ ನೋಡಿ ಬುಡಕ್ಕೆ ನೀರು ಸುರಿದು, ಫಾತಿಹಾ ಓದಿ, ಮನೆಯ ಸುದ್ದಿ ಹೇಳಿ ಬರುತ್ತಿದ್ದಳು. ಸೊಸೆ ತಹ್ರೀಮ್ ಬಿರಿಯಾನಿಗೆ ಟೊಮೆಟೊ ಹಾಕುತ್ತಾಳೆ ಎಂಬ ದೂರು ಕೂಡ ಅಲ್ಲಿಗೆ ಹೋಗುತ್ತಿತ್ತು. ಗಂಡ ಬದುಕಿದ್ದಾಗ ಗಿಡದ ಮಾತು ಕೇಳದಿದ್ದವಳು ಅವನು ಹೋದ ಮೇಲೆ ಗಿಡದೊಡನೆ ಮಾತಾಡತೊಡಗಿದಳು.

ಜುಲೈ ನಡುವಿನಲ್ಲಿ ಎಲೆಗಳು ಹಳದಿಯಾಗಿ ಉದುರತೊಡಗಿದವು. ಬಾಯಾರಿಕೆ, ಇನ್ನೇನು? ಮೇಲೆ ಸುಡುಬಿಸಿಲು, ಈ ನಾಡಿನಲ್ಲಿ ಬೇಸಿಗೆಗೆ ಒಂದು ಹನಿ ಮಳೆ ಇಲ್ಲ. ಅವಳು ಕ್ಯಾನು ಒಂದರಿಂದ ಎರಡಕ್ಕೆ ಏರಿಸಿದಳು. ಅದಕ್ಕೇ ಚಕ್ರದ ಗಾಡಿ ಬಂದದ್ದು.

ಆಗಸ್ಟಿನಲ್ಲಿ ಒಂದು ಗುರುವಾರ ಹೋದರೆ ಗಿಡದ ಪಕ್ಕದಲ್ಲಿ ಒಂದು ಪುಟ್ಟ ಫಲಕ ನೆಟ್ಟಿತ್ತು. ಹಸಿರು ಬಣ್ಣ, ಬಿಳಿ ಅಕ್ಷರ. ಇಂಗ್ಲಿಷ್ ಅವಳಿಗೆ ಬರುವುದಿಲ್ಲ, ಬರಬೇಕಾಗಿಯೂ ಇರಲಿಲ್ಲ. ಇಂದು ಮಾತು ಉಳಿಸಿಕೊಂಡಿದ್ದರು. ಇಪ್ಪತ್ತಾರು ವರ್ಷದಲ್ಲಿ ಈ ದೇಶ ಅವನ ಹೆಸರನ್ನು ಎಲ್ಲಿಯೂ ಬರೆದಿರಲಿಲ್ಲ, ಕಡೆಗೆ ಇಲ್ಲಿ ಬರೆಯಿತು. ಅವಳು ದುಪಟ್ಟಾದ ಸೆರಗಿನಿಂದ ಫಲಕದ ಧೂಳು ಒರೆಸಿ, ಬೆರಳು ಅದಕ್ಕೆ ಮುಟ್ಟಿಸಿ ತುಟಿಗೆ ಒತ್ತಿಕೊಂಡಳು. ಮುಕರ್ರಮಿಗೆ ಹೇಳಿದಾಗ ಅವನ ಕಣ್ಣು ತುಂಬಿತು. "ಹೂ ಬಿಟ್ಟ ದಿನ ಒಳಗ ಬಂದು ನೋಡ್ತೀನಮ್ಮಿ. ಅಲ್ಲೀತನಕ ನನಗ ಆ ಹೆಸರು ನೋಡೋ ಧೈರ್ಯ ಇಲ್ಲ," ಎಂದ. ನವೆಂಬರಿನಲ್ಲಿ ಮಳೆ ಶುರುವಾಗುವ ತನಕ ಒಂದು ಗುರುವಾರವೂ ತಪ್ಪಲಿಲ್ಲ. ಬೇಸಿಗೆಯಲ್ಲೇ ಬೋಳಾದ ಗಿಡ ಚಳಿಗಾಲದಲ್ಲೂ ಬೋಳಾಗಿಯೇ ಇತ್ತು. ಎಲೆಗಿಂತ ಮೊದಲು ಹೂ ಬರುವ ಜಾತಿ ಎಂಬುದೊಂದು ಮಾತ್ರ ಹೇಗೋ ಅವಳ ಕಿವಿಯಲ್ಲಿ ಉಳಿದಿತ್ತು. ಅದನ್ನೇ ನಂಬಿ ಕಾದಳು.

ಈಗ ಆ ದಿಬ್ಬಕ್ಕೆ ಬಂದರೆ ಅವಳಿಗೆ ಜಾಗದ ಗುರುತೇ ಸಿಗಲಿಲ್ಲ. ಮರಳಿನ ತುಂಬ ಹೂ. ಕಿತ್ತಳೆ ಬಣ್ಣದ ಬಟ್ಟಲುಗಳು, ಕಲ್ಲಿನ ಸಂದಿಯಿಂದ ನೀಲಿ, ನೆಟ್ಟಗೆ ನಿಂತ ಹಳದಿ ತೆನೆಗಳು. ದವನದ ಸ್ವಾದರತ್ತಿ ಮಗಳು ಕೂಡ ಹೊಸ ಚಿಗುರು ಹೊತ್ತು ನಿಂತಿದ್ದಳು. ಇಷ್ಟು ವರ್ಷ ಗಂಡ ಕರೆದಾಗ ಒಂದು ಸಲವಾದರೂ ವಸಂತದಲ್ಲಿ ಬಂದಿದ್ದರೆ ಏನು ಗಂಟು ಹೋಗುತ್ತಿತ್ತು ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಪೀಚಿನ ಗಿಡದ ಹತ್ತಿರ ಇಂದು ಮಂಡಿಯೂರಿ ಕೂತು ಮಣ್ಣು ಕೆದಕುತ್ತಿದ್ದರು. ಶಾಲೆಯ ಮಕ್ಕಳು ನೋಡಲು ಬರುವ ತಿಂಗಳಾದ್ದರಿಂದ ಗುರುವಾರವೂ ಬಂದಿದ್ದರು. ಗಿಡದಲ್ಲಿ ಹೂವಿರಲಿಲ್ಲ, ಮೊಗ್ಗಿರಲಿಲ್ಲ. ಕಡ್ಡಿ ಕಪ್ಪಾಗಿತ್ತು.

"ಬನ್ನಿ ಫಖರಮ್ಮ, ಬನ್ನಿ," ಎಂದು ಇಂದು ಎದ್ದು ನಿಂತರು. ಮುಖ ಸಪ್ಪಗಿತ್ತು. "ನಿಮಗೆ ಹೇಗೆ ಹೇಳೋದು ಅಂತ ಎರಡು ವಾರದಿಂದ ಒದ್ದಾಡ್ತಿದ್ದೆ."

"ತಡಾ ಆಗ್ತೈತೇನ್ರಿ ಅಕ್ಕಾರ?"

ಇಂದು ಒಂದು ಕಡ್ಡಿಯನ್ನು ಉಗುರಿನಿಂದ ಕೆರೆದು ತೋರಿಸಿದರು. ತೊಗಟೆಯ ಕೆಳಗೆ ಹಸಿರಿರಲಿಲ್ಲ, ಕಂದು ಪುಡಿ ಉದುರಿತು. "ಹೋಗಿಬಿಟ್ಟಿದೆಯಮ್ಮ. ಈಗಲ್ಲ, ಹೋದ ಬೇಸಿಗೆಯಲ್ಲೇ. ಬೇರು ನೋಡಿ." ಬುಡದ ಮಣ್ಣು ಸರಿಸಿದರು. ಬೇರು ಕರ್ರಗೆ ಮೆತ್ತಗಾಗಿ, ಕೊಳೆತ ಗೆಣಸಿನ ವಾಸನೆ ಬರುತ್ತಿತ್ತು.

"ಏನಾಗಿತ್ರೀ?"

"ಬೇಸಿಗೆಯಲ್ಲಿ ಯಾರೋ ನೀರು ಹಾಕಿದಾರೆ. ಒಂದು ಸಲ ಅಲ್ಲ, ತಿಂಗಳುಗಟ್ಟಲೆ. ಇವು ಬೇಸಿಗೆಯಲ್ಲಿ ಎಲೆ ಉದುರಿಸಿ ಮಲಗೋ ಗಿಡಗಳು. ಬಿಸಿ ಮಣ್ಣಿಗೆ ನೀರು ಬಿದ್ರೆ ಬೇರು ಕೊಳೆತೇ ಹೋಗುತ್ತೆ. ಶನಿವಾರ ಬಂದು ನೋಡಿದ್ರೆ ಒಳಮಣ್ಣು ಒದ್ದೆ. ಯಾರು ಪುಣ್ಯಾತ್ಮರೋ ಅಂತ ಬೋರ್ಡ್ ಕೂಡ ಹಾಕಿದ್ವಿ. ನಿಲ್ಲಿಸಲೇ ಇಲ್ಲ."

ಫಖರುನ್ನಿಸಾ ಫಲಕವನ್ನು ನೋಡಿದಳು. ನೋಡುತ್ತಲೇ ಕೇಳಿದಳು. "ಇದರಾಗ ಏನ್ ಬರದೈತ್ರಿ?"

"ದಯವಿಟ್ಟು ಈ ಗಿಡಕ್ಕೆ ನೀರು ಹಾಕಬೇಡಿ ಅಂತ."

"ಅವರ ಹೆಸರಿಲ್ಲ?"

"ಯಾರದ್ದು?" ಎಂದು ಕೇಳಿದ ಇಂದು ಅವಳ ಹಿಂದಿದ್ದ ಗಾಡಿಯನ್ನು ಆಗ ನೋಡಿದರು. ಎರಡು ಕ್ಯಾನು ಕಂಠಮಟ್ಟ ತುಂಬಿದ್ದವು. ಅವರು ಕೈಗುದ್ದಲಿಯನ್ನು ಗರಸಿನ ಮೇಲೆ ಇಟ್ಟರು.

"ನಾನ ಹಾಕೀನ್ರಿ," ಎಂದಳು ಫಖರುನ್ನಿಸಾ. "ಎಲಿ ಉದುರಿದ್ವು, ನೀರಡಿಸೇತಿ ಅಂತ ತಿಳಕೊಂಡು ಎರಡ್ ಎರಡ್ ಕ್ಯಾನ್ ಹಾಕಿನಿ."

ಇಂದು ಡಾಕ್ಟರಾಗಿ ಎಷ್ಟೋ ಜನಕ್ಕೆ ಕೆಟ್ಟ ಸುದ್ದಿ ಹೇಳಿದವರು, ಆದರೂ ಮೊದಲು ಬೇರಿನ ಮೇಲೆ ಮಣ್ಣು ಎಳೆದು ಮುಚ್ಚಿದರು. "ನಿಮಗೆ ಗೊತ್ತಿರಲಿಲ್ಲ. ನಾನೇ ಒಂದು ಫೋನ್ ಮಾಡಿ ವಿಚಾರಿಸಬೇಕಿತ್ತು, ನನ್ನದೂ ತಪ್ಪು," ಎಂದರು. "ಇನ್ನೊಂದು ನೆಡೋಣಮ್ಮ."

"ಅವರು ತಂದ ಬೀಜ ಉಳದೈತೇನ್ರಿ?"

"ಇಲ್ಲ. ಹನ್ನೊಂದೂ ಹಾಕಿಬಿಟ್ಟಿದ್ವಿ. ಬೀಜ ಆಯ್ದ ಆ ಬೆಟ್ಟದಾಚೆಯ ಇಳಿಜಾರು ಆಮೇಲೆ ಕಾಡ್ಗಿಚ್ಚಿಗೆ ಸುಟ್ಟೂ ಹೋಯ್ತು. ಬೇರೆ ಕಡೆಯಿಂದ ತರಿಸಬಹುದು. ಹೂ ಬಿಡೋಕೆ ಮತ್ತೆ ಏಳೆಂಟು ವರ್ಷ ಆಗುತ್ತೆ, ಅಷ್ಟೇ."

ಅಷ್ಟೇ. ಅರವತ್ತೇಳಕ್ಕೆ ಏಳೆಂಟು ಕೂಡಿಸುವ ಗೋಜಿಗೆ ಫಖರುನ್ನಿಸಾ ಹೋಗಲಿಲ್ಲ. ಕೂಡಿಸಿದರೂ ಅದು ಖಾದರನ ಕೈಯಿಂದ ಬಂದದ್ದಾಗುವುದಿಲ್ಲ. "ಬ್ಯಾಡ್ರಿ," ಎಂದಳು. "ಇದನ್ನೂ ಕಿತ್ತ ಬಿಡ್ರಿ. ಮಕ್ಕಳು ನೋಡಾಕ ಬರ್ತಾವು, ಸತ್ತದ್ದು ಯಾಕ ನಿಲ್ಲಬೇಕು."

ಇಂದು ಅವಳನ್ನು ಕಲ್ಲುಬೆಂಚಿನ ಮೇಲೆ ಕೂರಿಸಿ, ಬೆನ್ನ ಮೇಲೆ ಕೈಯಿಟ್ಟು ಪಕ್ಕದಲ್ಲಿ ಕೂತರು. ಬೆನ್ನು ಅಲುಗಲಿಲ್ಲ. ಅವಳು ಅಳುತ್ತಿರಲಿಲ್ಲ, ಅವಳಿಗೆ ಒಂದು ರಾತ್ರಿಯ ಊಟ ನೆನಪಾಗಿತ್ತು. ಮೂರೋ ನಾಲ್ಕೋ ವರ್ಷದ ಹಿಂದಿನ ಮಾತು. ಖಾದರ್ ತುತ್ತು ಕೈಯಲ್ಲೇ ಹಿಡಿದು ಎಂದಿನಂತೆ ಶುರು ಮಾಡಿದ್ದ. "ನಮ್ಮ ಪೀಚ್ ಐತೆಲ್ಲ, ಅದು ಬ್ಯಾಸಿಗಿ ಪೂರಾ ರೋಜಾ ಇರ್ತೈತಿ. ಒಂದು ತಿಂಗಳಲ್ಲ, ಐದು ತಿಂಗಳು ಉಪವಾಸ. ಒಂದು ಹನಿ ನೀರು ಮುಟ್ಟಂಗಿಲ್ಲ. ಯಾರರೆ ಅಂತಃಕರಣದಿಂದ ನೀರು ಹಾಕಿದ್ರೋ, ಸತ್ತ ಹೋಗತೈತಿ."

"ಹಂಗಾರ ನಿಮ್ಮ ಗಿಡಕ್ಕ ನಸಿಕಿನ್ಯಾಗ ಸಹರಿ ಊಟಕ್ಕ ಯಾರು ಎಬ್ಬಸ್ತಾರ?" ಎಂದು ಕೇಳಿ ಅವಳು ತಟ್ಟೆ ಎತ್ತಿಕೊಂಡು ಹೋಗಿದ್ದಳು. ಅವನು ಹಿಂದಿನಿಂದ ನಗುತ್ತಿದ್ದ. ಮಾತು ಅಷ್ಟೂ ಅವಳ ಕಿವಿಗೆ ಬಿದ್ದಿತ್ತು. ಇಡೀ ಬೇಸಿಗೆಯಲ್ಲಿ ಒಂದು ಗುರುವಾರವಾದರೂ ಅದು ನೆನಪಿಗೆ ಬರಬಾರದಾಗಿತ್ತೇ? ಅಲ್ಲಾಹನು ತನ್ನ ಬಾಯನ್ನು ಇಷ್ಟು ಚುರುಕು ಮಾಡಿ ಕಿವಿಯನ್ನು ಯಾಕೆ ಇಷ್ಟು ಮಂದ ಮಾಡಿದ ಎಂದು ಅವಳಿಗೆ ಸಂಕಟವಾಯಿತು. ಗಂಡ ಅವಳಿಗೆ ಬಿಟ್ಟುಹೋದದ್ದು ಒಂದೇ ಒಂದು, ಅದನ್ನು ಅವಳು ಕೈಯಾರೆ, ಕುರಾನು ಓದಿ ಓದಿ ಕೊಂದಿದ್ದಳು.

ಇಳಿಜಾರಿನಲ್ಲಿ ಗಾಡಿ ಅವಳನ್ನು ಮುಂದಕ್ಕೆ ಜಗ್ಗುತ್ತಿತ್ತು. ನೀರನ್ನು ದಾರಿಯಲ್ಲೇ ಚೆಲ್ಲಿಬಿಡಬಹುದಿತ್ತು, ಆದರೆ ಯಾಸೀನ್ ಊದಿದ ನೀರು, ಕಾಲು ತುಳಿಯುವಲ್ಲಿ ಚೆಲ್ಲಬಾರದು. ಗಿಡದ ಬುಡಕ್ಕೆ ಹಾಕಬೇಕು. ಯಾವ ಗಿಡದ ಬುಡಕ್ಕೆ ಹಾಕಲಿಕ್ಕೂ ಅವಳಿಗೆ ಈಗ ಕೈ ಬರಲಿಲ್ಲ.

ಮುಕರ್ರಮ್ ಅವಳನ್ನು ಕಂಡದ್ದೇ ಲ್ಯಾಪ್‌ಟಾಪ್ ಮುಚ್ಚಿ ಇಳಿದ. ಅಂಗಿ ನೆಟ್ಟಗೆ ಮಾಡಿಕೊಂಡ, ಹಿರಿಯರ ಎದುರಿಗೆ ಹೋಗುವವನಂತೆ. "ಬಿಟ್ಟೈತಾ ಅಮ್ಮಿ? ಬರ್ಲಾ?"

ಹೇಳಬೇಕೆಂದೇ ಅವಳು ಇಳಿದು ಬಂದಿದ್ದಳು. ಅವನ ಮುಖ ನೋಡಿದಳು. ಕ್ಯಾನು ತೊಳೆದವನು, ನೀರು ತುಂಬಿದವನು, ಫ್ರೀವೇ ಟ್ರಾಫಿಕ್ಕಿನಲ್ಲಿ ಇಪ್ಪತ್ತೆರಡು ಗುರುವಾರ ಕರೆತಂದವನು ಅವನೇ. ಹೇಳಿದರೆ ಅರ್ಧ ಪಾಲು ಅವನ ತಲೆಗೆ ಹೋಗುತ್ತದೆ, ಅವನು ಹೊತ್ತೇ ಹೊರುತ್ತಾನೆ.

"ಇನ್ನೂ ಇಲ್ಲಪ್ಪ," ಎಂದಳು. "ನೀ ಬರಬ್ಯಾಡ."

"ಮತ್ತ ಯಾವಾಗಂತ?"

"ತಡಾ ಐತಂತ."

ಗಾಡಿಯನ್ನು ಡಿಕ್ಕಿಗೆ ಎತ್ತುವಾಗ ಅವನಿಗೆ ಭಾರ ತಿಳಿಯಿತು. "ನೀರ್ಯಾಕ ಹಾಕಿಲ್ಲ?"

"ಮಳಿ ಆಗೇತೆಲ್ಲ. ನೆಲ ಹಸಿ ಐತಿ."

ಕಾರು ಗುಡ್ಡ ಇಳಿಯಿತು. ತಿರುವು ಬಂದಾಗಲೆಲ್ಲ ಹಿಂದೆ ಕ್ಯಾನುಗಳಲ್ಲಿ ನೀರು ಕುಲುಕುತ್ತಿತ್ತು. ಫ್ರೀವೇ ಹತ್ತುವ ಸಿಗ್ನಲ್ಲಿನಲ್ಲಿ ಮುಕರ್ರಮ್ ಮುಂದೆ ನೋಡುತ್ತಲೇ ಮಾತಾಡಿದ. "ಅಬ್ಬಾ ಹೋಗೋ ಹೊತ್ತಿನ್ಯಾಗ ನಾ ಇರಲಿಲ್ಲ. ಅದು ನನಗ ಸಾಯೂತನಕ ಹೋಗಂಗಿಲ್ಲ. ಆದ್ರ ಅವರ ಗಿಡಕ್ಕ ಹೋದ ಬ್ಯಾಸಿಗ್ಯಾಗ ಒಂದ್ ಗುರುವಾರನೂ ನೀರು ತಪ್ಪಿಸಿಲ್ಲ ನೋಡಮ್ಮಿ. ಅಷ್ಟರೆ ಮಾಡೀನಿ."

ಫಖರುನ್ನಿಸಾ ದುಪಟ್ಟಾವನ್ನು ಹಣೆಯ ತನಕ ಎಳೆದುಕೊಂಡಳು.

"ಹೌದಪ್ಪ," ಎಂದಳು. "ಒಂದೂ ತಪ್ಪಿಸಿಲ್ಲ ನೀನು."